ಹೊರಗಿಂದ ವೆಬ್‌ಮೇಲ್ ಓಪನ್ ಆಗ್ತಿಲ್ವಾ? ಫೈರ್‌ವಾಲ್, ಪ್ರಾಕ್ಸಿ ನಡುವೆ ತಡೆ ಎಲ್ಲಿದೆ ಅಂತ ಹುಡುಕೋದು ಹೀಗೆ

ಆಫೀಸಲ್ಲಿ ಕೂತಾಗ ವೆಬ್‌ಮೇಲ್ ಚೆನ್ನಾಗೇ ಓಪನ್ ಆಗತ್ತೆ, ಮನೆಗೆ ಬಂದು ಅದೇ ಲ್ಯಾಪ್‌ಟಾಪಲ್ಲಿ ಅದೇ ಬುಕ್‌ಮಾರ್ಕ್ ಒತ್ತಿದ್ರೆ ಚಕ್ರ ತಿರುಗ್ತಾನೇ ಇರತ್ತೆ. ಕೆಲವರಿಗೆ ಇದು ಉಲ್ಟಾ, ಮನೇಲಿ ಬರತ್ತೆ, ಬೇರೆ ಕಂಪನಿಗೆ ಹೋಗಿ ಅಲ್ಲಿನ ವೈಫೈಗೆ ಸೇರಿಕೊಂಡ್ರೆ ಬರಲ್ಲ. ಎರಡು ಕಡೆನೂ ಮೇಲ್ ಸರ್ವರ್ ಪಾಡಿಗೆ ಅದು ಓಡ್ತಾ ಇರತ್ತೆ, ಮಧ್ಯ ಇರೋ ಫೈರ್‌ವಾಲೋ (ಯಾವ ಸಂಪರ್ಕ ಬಿಡ್ಬೇಕು, ಯಾವುದನ್ನ ತಡೀಬೇಕು ಅಂತ ನೋಡೋ ಕಾವಲು), ಪ್ರಾಕ್ಸಿಯೋ (ನಿಮ್ಮ ಪರವಾಗಿ ಹೊರಗೆ ಹೋಗಿ ಪೇಜ್ ತರೋ ಮಧ್ಯವರ್ತಿ), ರೌಟರೋ ಅಡ್ಡ ನಿಂತಿರತ್ತೆ. ಜನ ಏನ್ ಮಾಡ್ತಾರೆ ಅಂದ್ರೆ, ಗಾಬರೀಲಿ ಒಂದೇ ಏಟಿಗೆ ಕ್ಯಾಶ್ ಕ್ಲಿಯರ್ ಮಾಡ್ತಾರೆ, ಬ್ರೌಸರ್ ತೆಗೆದು ಮತ್ತೆ ಹಾಕ್ತಾರೆ, ಪಾಸ್‌ವರ್ಡ್ ಬದಲಾಯಿಸ್ತಾರೆ, ಆ್ಯಂಟಿವೈರಸ್ ಆಫ್ ಮಾಡ್ತಾರೆ, ಆಮೇಲೆ ಹೇಗೋ ಸರಿ ಹೋದ್ರೂ ಯಾವುದರಿಂದ ಸರಿ ಹೋಯ್ತು ಅಂತ ಗೊತ್ತಿರಲ್ಲ, ವಾರ ಬಿಟ್ಟು ಮತ್ತೆ ಅದೇ ಕತೆ.

ನಾನು ಇಷ್ಟು ವರ್ಷ ಇದೇ ಕೆಲಸ ಮಾಡಿ ಕಲಿತಿದ್ದು ಏನಂದ್ರೆ, ಪೇಜ್ ಯಾವ ಥರ ಫೇಲ್ ಆಯ್ತು ಅನ್ನೋದನ್ನ ಸರಿಯಾಗಿ ನೋಡಿದ್ರೆ ಅಡ್ಡ ನಿಂತಿರೋದು ಯಾರು ಅಂತ ಮುಕ್ಕಾಲು ಪಾಲು ಅಲ್ಲೇ ಗೊತ್ತಾಗತ್ತೆ. ಹಾಗಾಗಿ ಒಂದೊಂದೇ ಬದಲಾವಣೆ ಮಾಡಿ, ಮಾಡಿದ್ದನ್ನ ಬರೆದಿಟ್ಕೊಳ್ಳಿ, ಮತ್ತೆ ದಯವಿಟ್ಟು ಫೈರ್‌ವಾಲ್ ಪೂರ್ತಿ ಆಫ್ ಮಾಡಿ ನೋಡೋ ಅಭ್ಯಾಸ ಬಿಡಿ.

ಮೊದಲು ನೆಟ್‌ವರ್ಕ್ ಬದಲಾಯಿಸಿ ನೋಡಿ

ಬೇರೆ ಏನೂ ಮುಟ್ಟೋಕ್ಕೆ ಮುಂಚೆ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಅದೇ ಲ್ಯಾಪ್‌ಟಾಪನ್ನ ಅದಕ್ಕೆ ಕನೆಕ್ಟ್ ಮಾಡಿ. ಹಾಟ್‌ಸ್ಪಾಟಲ್ಲಿ ಬಂತು, ವೈಫೈಲಿ ಬರಲಿಲ್ಲ ಅಂದ್ರೆ ನಿಮ್ಮ ಲ್ಯಾಪ್‌ಟಾಪೂ ಸರಿ ಇದೆ ಸರ್ವರೂ ಸರಿ ಇದೆ, ತೊಂದರೆ ಆ ವೈಫೈ ಇರೋ ನೆಟ್‌ವರ್ಕಲ್ಲಿ. ಎರಡರಲ್ಲೂ ಬರಲಿಲ್ಲ ಅಂದ್ರೆ ಫೋನಿನ ಬ್ರೌಸರಲ್ಲೇ ಮೊಬೈಲ್ ಡೇಟಾ ಮೇಲೆ ತೆಗೆದು ನೋಡಿ, ಅಲ್ಲಿ ಬಂದ್ರೆ ಲ್ಯಾಪ್‌ಟಾಪಿನ ಸೆಟ್ಟಿಂಗ್ ಕಡೆ ತಿರುಗಿ, ಅಲ್ಲೂ ಬರಲಿಲ್ಲ ಅಂದ್ರೆ ಸರ್ವರ್ ಇರೋ ಕಡೆಯ ಫೈರ್‌ವಾಲ್ ನೋಡಬೇಕಾಗತ್ತೆ. ಎರಡು ನಿಮಿಷದ ಕೆಲಸ ಇದು, ಆದ್ರೆ ಇದನ್ನ ಬಿಟ್ಟು ಶುರು ಮಾಡಿದವರು ಅರ್ಧ ದಿನ ಕಳ್ಕೊಂಡಿದ್ದನ್ನ ನೋಡಿದೀನಿ.

ಹೋಟೆಲ್, ಏರ್‌ಪೋರ್ಟ್ ವೈಫೈ ಆದ್ರೆ ಇನ್ನೊಂದು ವಿಷಯ ಇದೆ. ಅಲ್ಲಿ ಮೊದಲು ಒಂದು ಲಾಗಿನ್ ಪೇಜ್ ಬರಬೇಕು, ಅದು ಬರೋ ತನಕ ನಿಮ್ಮ ಎಚ್‌ಟಿಟಿಪಿಎಸ್ ಸೈಟ್ ಯಾವುದೂ ಓಪನ್ ಆಗಲ್ಲ, ಇಲ್ಲಾ ಸರ್ಟಿಫಿಕೇಟ್ (ಸೈಟ್ ಅಸಲಿ ಅಂತ ತೋರ್ಸೋ ಗುರುತುಪತ್ರ) ಎರರ್ ಬರತ್ತೆ. ಎಚ್‌ಟಿಟಿಪಿಎಸ್ ಅಲ್ಲದ ಯಾವುದಾದ್ರೂ ಸಾದಾ ಎಚ್‌ಟಿಟಿಪಿ ಪೇಜ್ ತೆಗೀರಿ, ಲಾಗಿನ್ ಪೇಜ್ ತಾನಾಗೇ ಬರತ್ತೆ.

ಎರರ್ ಏನು ಹೇಳ್ತಿದೆ ಅಂತ ಪೂರ್ತಿ ಓದಿ

"ಬರ್ತಾ ಇಲ್ಲ" ಅನ್ನೋ ಒಂದೇ ಮಾತಲ್ಲಿ ಕನಿಷ್ಠ ಐದಾರು ಬೇರೆ ಬೇರೆ ಕಾಯಿಲೆ ಅಡಗಿರತ್ತೆ.

ಇಪ್ಪತ್ತು ಸೆಕೆಂಡ್ ಹತ್ತಿರ ಸುಮ್ಮನೆ ತಿರುಗಿ ಆಮೇಲೆ ಟೈಮ್ ಔಟ್ ಅಂತ ಬಂದ್ರೆ, ನೀವು ಕಳಿಸಿದ ಪ್ಯಾಕೆಟನ್ನ (ಡೇಟಾದ ಚಿಕ್ಕ ತುಂಡನ್ನ) ಯಾವುದೋ ಫೈರ್‌ವಾಲ್ ಸದ್ದಿಲ್ಲದೆ ಬಿಸಾಕ್ತಿದೆ ಅಂತಲೇ ಮೊದಲು ಅನುಮಾನ ಪಡಿ. ಒತ್ತಿದ ತಕ್ಷಣ ಕನೆಕ್ಷನ್ ರಿಫ್ಯೂಸ್ಡ್ ಅಂದ್ರೆ ಸಾಮಾನ್ಯವಾಗಿ ಆ ಮಷೀನ್ ತನಕ ಹೋಗಿ ಮುಟ್ಟಿದೀರಾ, ಆದ್ರೆ ಆ ಪೋರ್ಟಲ್ಲಿ (ಸರ್ವರಲ್ಲಿ ಒಂದೊಂದು ಸೇವೆಗೂ ಇರೋ ನಂಬರಿನ ಬಾಗಿಲಲ್ಲಿ) ಉತ್ತರ ಕೊಡೋಕೆ ಯಾರೂ ಇಲ್ಲ, ವೆಬ್ ಸರ್ವಿಸ್ ನಿಂತಿರಬಹುದು ಇಲ್ಲಾ ಪೋರ್ಟ್ ನಂಬರ್ ತಪ್ಪಿರಬಹುದು. ಕನೆಕ್ಷನ್ ರಿಸೆಟ್ ಅಂದ್ರೆ ಮಾತು ಶುರುವಾದ ಮೇಲೆ ಯಾರೋ ಲೈನ್ ಕಟ್ ಮಾಡಿದಾರೆ, ಸೈಟ್ ಹೆಸರು ನೋಡಿ ತಡೆಯೋ ಫಿಲ್ಟರ್‌ಗಳು ಹೀಗೇ ಮಾಡೋದು. ಸೈಟಿನ ಹೆಸರೇ ಸಿಗಲಿಲ್ಲ ಅಂತ ಬಂದ್ರೆ ಡಿಎನ್‌ಎಸ್ (ಸೈಟ್ ಹೆಸರಿಗೆ ಅದರ ಐಪಿ, ಅಂದ್ರೆ ನಂಬರ್ ವಿಳಾಸ ಹುಡುಕಿಕೊಡೋ ವ್ಯವಸ್ಥೆ) ಕಡೆ ಹೋಗಿ.

ಇನ್ನು ನಂಬರ್ ಬರೋ ಎರರ್‌ಗಳು. 401 ಅಂದ್ರೆ ವೆಬ್‌ಮೇಲ್ ಸರ್ವರ್ ನಿಮ್ಮನ್ನ ಯಾರು ಅಂತ ಕೇಳ್ತಿದೆ, 407 ಅಂದ್ರೆ ಮಧ್ಯದ ಪ್ರಾಕ್ಸಿ ಕೇಳ್ತಿದೆ. ಈ ವ್ಯತ್ಯಾಸ ಗೊತ್ತಿಲ್ಲದೆ ತುಂಬಾ ಜನ ಪ್ರಾಕ್ಸಿಯ ಚಿಕ್ಕ ಲಾಗಿನ್ ಬಾಕ್ಸಲ್ಲಿ ಮೇಲ್ ಪಾಸ್‌ವರ್ಡ್ ಹಾಕ್ತಾರೆ, ತಗೊಳ್ಳಲ್ಲ, ಮತ್ತೆ ಹಾಕ್ತಾರೆ, ಕೊನೆಗೆ ಅಕೌಂಟ್ ಲಾಕ್ ಆಗತ್ತೆ. ಬಾಕ್ಸ್ ಬಂದಾಗ ಅದರ ಮೇಲೆ ಯಾವ ವಿಳಾಸ, ಯಾವ ಪೋರ್ಟ್ ಇದೆ ನೋಡಿ, 3128 ಅಥವಾ 8080 ಥರ ಇದ್ರೆ ಕೇಳ್ತಿರೋದು ಹೆಚ್ಚಾಗಿ ಪ್ರಾಕ್ಸಿನೇ. 403 ಬಂದ್ರೆ ಪಾಲಿಸಿ ತಡೆದಿದೆ, ಪೇಜಿನ ತಳದಲ್ಲಿ ಯಾರ ಹೆಸರಿದೆ ಓದಿ, ಪ್ರಾಕ್ಸಿ ಕೊಡೋ ಪೇಜಲ್ಲಿ ಸಾಮಾನ್ಯವಾಗಿ ಅದರ ಹೆಸರೂ ಸಮಯವೂ ಅಚ್ಚಾಗಿರತ್ತೆ. 502, 504 ಬಂದ್ರೆ ಮೇಲ್ ಸರ್ವರಿನ ಮುಂದೆ ನಿಂತು ಬಂದ ಕೋರಿಕೆಗಳನ್ನ ಅದಕ್ಕೆ ದಾಟಿಸೋ ರಿವರ್ಸ್ ಪ್ರಾಕ್ಸಿ ತನಕ ಬಂದಿದೀರಾ, ಅದಕ್ಕೂ ಹಿಂದಿರೋ ಮೇಲ್ ಸರ್ವರಿಗೂ ನಡುವೆ ಸಂಪರ್ಕ ಹೋಗಿದೆ, ಇದನ್ನ ನಿಮ್ಮ ಕಡೆಯಿಂದ ಏನ್ ಮಾಡಿದ್ರೂ ಸರಿ ಮಾಡೋಕ್ಕಾಗಲ್ಲ, ಅಡ್ಮಿನ್‌ಗೆ ಹೇಳಿ.

ಹೆಸರು ಯಾವ ಐಪಿಗೆ ಹೋಗ್ತಿದೆ?

ಕಮಾಂಡ್ ಪ್ರಾಂಪ್ಟ್ ತೆಗೆದು ಎನ್‌ಎಸ್‌ಲುಕಪ್ ಅಂತ ಹೊಡೆದು ಸ್ಪೇಸ್ ಕೊಟ್ಟು ವೆಬ್‌ಮೇಲ್ ವಿಳಾಸ ಹಾಕಿ, ಮುಂದೆ ಇರೋ ಎಚ್‌ಟಿಟಿಪಿಎಸ್ ಭಾಗ ಬೇಡ, ಹೆಸರು ಮಾತ್ರ. ಬಂದ ಐಪಿ 10ರಿಂದ ಶುರುವಾದ್ರೆ, 192.168ರಿಂದ ಶುರುವಾದ್ರೆ, ಇಲ್ಲಾ 172.16ರಿಂದ 172.31ರ ಒಳಗಿದ್ರೆ ಅದು ಆಫೀಸಿನ ಒಳಗಿನ ವಿಳಾಸ. ಹೊರಗಿಂದ ಅದಕ್ಕೆ ನೇರ ದಾರಿ ಇಲ್ಲ, ವಿಪಿಎನ್ (ಹೊರಗಿಂದ ಆಫೀಸ್ ನೆಟ್‌ವರ್ಕ್ ಒಳಗೆ ಸೇರಿಸೋ ಸುರಂಗ) ಬೇಕೇ ಬೇಕು. ಆಫೀಸ್ ಒಳಗೆ ಒಂದು ಐಪಿ, ಹೊರಗೆ ಇನ್ನೊಂದು ಐಪಿ ಕೊಡೋ ಹಾಗೆ ಡಿಎನ್‌ಎಸ್ ಇಡೋದು ತಪ್ಪಲ್ಲ, ತುಂಬಾ ಕಡೆ ಹಾಗೇ ಇರತ್ತೆ, ಆದ್ರೆ ಲ್ಯಾಪ್‌ಟಾಪ್ ಹಳೇ ಉತ್ತರ ನೆನಪಿಟ್ಕೊಂಡು ಮನೇಲೂ ಒಳಗಿನ ಐಪಿಗೇ ಬಡೀತಾ ಇದ್ರೆ ಕೆಲಸ ಕೆಡತ್ತೆ. ಐಪಿಕಾನ್ಫಿಗ್ ಸ್ಲ್ಯಾಶ್ ಫ್ಲಶ್‌ಡಿಎನ್‌ಎಸ್ ಕೊಟ್ಟು ಆ ನೆನಪು ಅಳಿಸಿ, ಬ್ರೌಸರ್ ಪೂರ್ತಿ ಮುಚ್ಚಿ ಮತ್ತೆ ತೆಗೀರಿ.

ಎನ್‌ಎಸ್‌ಲುಕಪ್ಪಲ್ಲಿ ಸರಿಯಾದ ಐಪಿ ಬರ್ತಿದೆ, ಆದ್ರೂ ಬ್ರೌಸರ್ ಬೇರೆ ಕಡೆ ಹೋಗ್ತಿದೆ ಅಂದ್ರೆ ಹೋಸ್ಟ್ಸ್ ಫೈಲ್ (ಯಾವ ಹೆಸರಿಗೆ ಯಾವ ಐಪಿ ಅಂತ ಮಷೀನಲ್ಲೇ ಬರೆದಿಡೋ ಫೈಲ್) ನೋಡಿ. ಎಂದೋ ಒಮ್ಮೆ ಯಾರೋ ಟೆಸ್ಟಿಗೆ ಅಂತ ಒಂದು ಸಾಲು ಸೇರಿಸಿ ಮರೆತಿರ್ತಾರೆ, ಎನ್‌ಎಸ್‌ಲುಕಪ್ ಆ ಫೈಲನ್ನ ನೋಡೋದೇ ಇಲ್ಲ, ನೇರ ಡಿಎನ್‌ಎಸ್ ಸರ್ವರನ್ನ ಕೇಳತ್ತೆ, ಅದಕ್ಕೇ ಎರಡಕ್ಕೂ ಉತ್ತರ ಬೇರೆ.

ಇನ್ನೊಂದು, ಉತ್ತರದಲ್ಲಿ ಎರಡು ವಿಳಾಸ ಬಂದಿದ್ಯಾ ನೋಡಿ, ಒಂದು ಸಾದಾ ಐಪಿ, ಇನ್ನೊಂದು ಕೋಲನ್ ತುಂಬಿರೋ ಉದ್ದದ ಐಪಿವಿ6. ಅಡ್ಮಿನ್‌ಗಳು ಫೈರ್‌ವಾಲಲ್ಲಿ ಐಪಿವಿ4ಗೆ ಮಾತ್ರ ರೂಲ್ ಬರೆದು ಐಪಿವಿ6 ಮರೆತಿರ್ತಾರೆ. ಕೆಲವು ಮೊಬೈಲ್ ನೆಟ್‌ವರ್ಕ್ ಮೇಲೆ ಮಾತ್ರ ತೊಂದರೆ, ಮನೆ ಬ್ರಾಡ್‌ಬ್ಯಾಂಡಲ್ಲಿ ಸರಿ ಅಂತ ದೂರು ಬಂದ್ರೆ ನಾನು ಮೊದಲು ನೋಡೋದೇ ಇದನ್ನ.

ಪೋರ್ಟ್ ತೆರೆದಿದ್ಯಾ ನೋಡೋದು

ಪಿಂಗ್ (ಮಷೀನ್ ಉತ್ತರ ಕೊಡತ್ತಾ ಅಂತ ನೋಡೋ ಕಮಾಂಡ್) ಹೊಡೆದು ಉತ್ತರ ಬರಲಿಲ್ಲ ಅಂತ ಸರ್ವರ್ ಡೌನ್ ಅನ್ಕೋಬೇಡಿ, ಎಷ್ಟೋ ಕಡೆ ಪಿಂಗನ್ನ ಬೇಕಂತಲೇ ಮುಚ್ಚಿರ್ತಾರೆ. ಬೇಕಾಗಿರೋದು ಪೋರ್ಟ್ ಟೆಸ್ಟ್. ವಿಂಡೋಸಲ್ಲಿ ಪವರ್‌ಶೆಲ್ ತೆಗೆದು ಟೆಸ್ಟ್-ನೆಟ್‌ಕನೆಕ್ಷನ್ ಅಂತ ಬರೆದು ಮುಂದೆ ಸರ್ವರ್ ಹೆಸರು, ಆಮೇಲೆ ಮೈನಸ್ ಪೋರ್ಟ್ 443 (ಎಚ್‌ಟಿಟಿಪಿಎಸ್ ಸೈಟ್‌ಗಳ ಮಾಮೂಲಿ ಪೋರ್ಟ್) ಕೊಡಿ. ಕೊನೇ ಸಾಲಲ್ಲಿ ಟ್ರೂ ಬಂದ್ರೆ ದಾರಿ ತೆರೆದಿದೆ, ಫಾಲ್ಸ್ ಬಂದ್ರೆ ಮುಚ್ಚಿದೆ. ಲಿನಕ್ಸ್, ಮ್ಯಾಕ್ ಇರೋರು ಕರ್ಲ್ ಮೈನಸ್ ವಿ ಕೊಟ್ಟು ಪೂರ್ತಿ ವಿಳಾಸ ಹಾಕಿ, ಯಾವ ಐಪಿಗೆ ಹೋಯ್ತು, ಸರ್ಟಿಫಿಕೇಟ್ ಯಾರದ್ದು, ಸರ್ವರ್ ಏನಂತು, ಎಲ್ಲ ಸಾಲು ಸಾಲಾಗಿ ಬರತ್ತೆ. ಒಂದು ಎಚ್ಚರ ಏನಂದ್ರೆ, ಪ್ರಾಕ್ಸಿ ಮೂಲಕ ಮಾತ್ರ ಹೊರಗೆ ಬಿಡೋ ಆಫೀಸಲ್ಲಿ ಪವರ್‌ಶೆಲ್ ಟೆಸ್ಟ್ ಫಾಲ್ಸ್ ಬರೋದು ಸಹಜ, ಯಾಕಂದ್ರೆ ಅದು ಪ್ರಾಕ್ಸಿಯನ್ನ ಕೇಳದೆ ನೇರ ಹೋಗೋಕೆ ನೋಡತ್ತೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳ್ಬೇಕು, ಇದೇ ಅತಿ ಹೆಚ್ಚು ಜನರನ್ನ ಸುಸ್ತು ಮಾಡೋದು. ವೆಬ್‌ಮೇಲ್ ಎಲ್ಲ ಕಡೆ 443ರಲ್ಲೇ ಇರಲ್ಲ. ಸಿಪ್ಯಾನಲ್ (ಹೋಸ್ಟಿಂಗ್ ನೋಡ್ಕೊಳ್ಳೋ ಸಾಫ್ಟ್‌ವೇರ್) ಇರೋ ಹೋಸ್ಟಿಂಗಲ್ಲಿ ವೆಬ್‌ಮೇಲ್ 2096ರಲ್ಲಿ ಇರತ್ತೆ, ಎನ್‌ಕ್ರಿಪ್ಷನ್ ಇಲ್ಲದ್ದು 2095, ಬೇರೆ ಕೆಲವು ಕಡೆ 8443 ಇಟ್ಟಿರ್ತಾರೆ. ಬ್ರೌಸರ್ ಪ್ರಾಕ್ಸಿ ಮೂಲಕ ಎಚ್‌ಟಿಟಿಪಿಎಸ್ ಸೈಟಿಗೆ ಹೋಗ್ಬೇಕಾದ್ರೆ ಮೊದಲು ಪ್ರಾಕ್ಸಿಗೆ ಕನೆಕ್ಟ್ ಅನ್ನೋ ಒಂದು ಕೋರಿಕೆ ಕಳಿಸತ್ತೆ, ಈ ಹೆಸರಿನ ಈ ಪೋರ್ಟಿಗೆ ಒಂದು ಸುರಂಗ ಮಾಡಿಕೊಡು ಅಂತ. ಸ್ಕ್ವಿಡ್ ಅನ್ನೋ ಪ್ರಾಕ್ಸಿ ಸಾಫ್ಟ್‌ವೇರಿನ ಜೊತೆಗೇ ಬರೋ ಕಾನ್ಫಿಗ್ ಫೈಲಲ್ಲಿ ಎಸ್‌ಎಸ್‌ಎಲ್ ಪೋರ್ಟ್ಸ್ ಅನ್ನೋ ಪಟ್ಟಿ ಇರತ್ತೆ, ಅದರಲ್ಲಿ ಇರೋದು 443, ಆ ಪಟ್ಟಿ ಬಿಟ್ಟು ಬೇರೆ ಪೋರ್ಟಿಗೆ ಕನೆಕ್ಟ್ ಕೇಳಿದ್ರೆ ಡಿನೈ ಮಾಡು ಅಂತ ಕೆಳಗೇ ಬರೆದಿರತ್ತೆ. ಹಾಗಾಗಿ ಹೊರಗಿನ ಬೇರೆ ಎಲ್ಲಾ ಸೈಟೂ ಬರತ್ತೆ, ನಿಮ್ಮ ವೆಬ್‌ಮೇಲ್ ಒಂದೇ ಬರಲ್ಲ. ಸ್ಕ್ವಿಡ್ಡಿನ ಆ್ಯಕ್ಸೆಸ್ ಲಾಗಲ್ಲಿ ಟಿಸಿಪಿ ಡಿನೈಡ್, ಪಕ್ಕದಲ್ಲಿ 403, ಮುಂದೆ ಕನೆಕ್ಟ್, ಆಮೇಲೆ ಸರ್ವರ್ ಹೆಸರು ಕೋಲನ್ 2096 ಅಂತ ಒಂದು ಸಾಲು ಬಿದ್ದಿರತ್ತೆ. ಆ ಸಾಲು ಕಂಡ ಮೇಲೆ ಅನುಮಾನಕ್ಕೆ ಜಾಗನೇ ಇಲ್ಲ.

ಪರಿಹಾರ ಎರಡು. ಪ್ರಾಕ್ಸಿ ನಿಮ್ಮದೇ ಆದ್ರೆ ಆ ಪಟ್ಟಿಗೆ 2096 ಸೇರಿಸಿ ಸ್ಕ್ವಿಡ್ ರೀಲೋಡ್ ಮಾಡಿ. ಬೇರೆಯವರದ್ದಾದ್ರೆ, ಹೋಸ್ಟಿಂಗ್ ಕಡೆಯಿಂದಲೇ ವೆಬ್‌ಮೇಲನ್ನ 443ರಲ್ಲಿ ಕೊಡೋ ಹಾಗೆ ಮಾಡಿಸ್ಕೊಳ್ಳಿ, ಸಿಪ್ಯಾನಲಲ್ಲಿ ಡೊಮೈನ್ ಹೆಸರಿನ ಮುಂದೆ ವೆಬ್‌ಮೇಲ್ ಡಾಟ್ ಸೇರಿಸಿದ ವಿಳಾಸ ಇದಕ್ಕಂತಲೇ ಇದೆ. ನನ್ನ ಕೇಳಿದ್ರೆ ಎರಡನೇದೇ ಒಳ್ಳೇದು, ಜನ ಎಲ್ಲೆಲ್ಲಿಗೋ ಹೋಗ್ತಾರೆ, ಎಲ್ಲಾ ಕಡೆಯ ಪ್ರಾಕ್ಸಿ ಅಡ್ಮಿನ್ ಹತ್ರ ಹೋಗಿ ಪೋರ್ಟ್ ತೆಗೀರಿ ಅನ್ನೋಕ್ಕಾಗಲ್ಲ.

ಪ್ರಾಕ್ಸಿ ಸೆಟ್ಟಿಂಗ್

ಮನೇಲಿ ಬರಲ್ಲ, ಆಫೀಸಲ್ಲಿ ಬರತ್ತೆ ಅಂದ್ರೆ ವಿಂಡೋಸ್ ಸೆಟ್ಟಿಂಗ್ಸಲ್ಲಿ ನೆಟ್‌ವರ್ಕ್ ಒಳಗೆ ಪ್ರಾಕ್ಸಿ ಅನ್ನೋದಕ್ಕೆ ಹೋಗಿ. ಆಫೀಸ್ ಪ್ರಾಕ್ಸಿಯ ಐಪಿಯನ್ನ ಕೈಯಲ್ಲೇ ಹಾಕಿಟ್ಟಿದ್ರೆ ಮನೇಲಿ ಆ ಐಪಿ ಸಿಗೋದೇ ಇಲ್ಲ, ಆಗ ವೆಬ್‌ಮೇಲ್ ಅಂತಲ್ಲ, ಬ್ರೌಸರಲ್ಲಿ ಒಂದು ಸೈಟೂ ಬರಲ್ಲ. ಆಟೋಮ್ಯಾಟಿಕ್ ಸ್ಕ್ರಿಪ್ಟ್ ವಿಳಾಸ ಇದ್ರೆ ಅದು ಪ್ಯಾಕ್ ಫೈಲ್, ಯಾವ ಸೈಟಿಗೆ ಪ್ರಾಕ್ಸಿ ಮೂಲಕ ಹೋಗ್ಬೇಕು ಯಾವುದಕ್ಕೆ ನೇರ ಹೋಗ್ಬೇಕು ಅಂತ ತೀರ್ಮಾನ ಮಾಡೋ ಚಿಕ್ಕ ಜಾವಾಸ್ಕ್ರಿಪ್ಟ್ ಅದು, ಅದರೊಳಗೆ ಮೇಲ್ ಸರ್ವರ್ ಹೆಸರು ಡೈರೆಕ್ಟ್ ಅಂತ ಇದ್ಯಾ ಇಲ್ವಾ ಅಂತ ಅಡ್ಮಿನ್ ನೋಡಬೇಕು. ಫೈರ್‌ಫಾಕ್ಸ್ ತನ್ನದೇ ಬೇರೆ ಪ್ರಾಕ್ಸಿ ಸೆಟ್ಟಿಂಗ್ ಇಟ್ಕೊಳ್ಳೋಕಾಗತ್ತೆ, ಒಂದು ಬ್ರೌಸರಲ್ಲಿ ಬಂದು ಇನ್ನೊಂದರಲ್ಲಿ ಬರ್ತಿಲ್ಲ ಅಂದ್ರೆ ಮೊದಲು ಅಲ್ಲಿ ನೋಡಿ.

ಲಾಗಿನ್ ಬಾಕ್ಸ್ ಮತ್ತೆ ಮತ್ತೆ ಬಂದು ಸರಿಯಾದ ಪಾಸ್‌ವರ್ಡನ್ನೂ ತಗೊಳ್ತಾ ಇಲ್ಲ ಅಂತಾದ್ರೆ, ಸರ್ವರ್ ಕಡೆ ಎನ್‌ಟಿಎಲ್‌ಎಂ ಲಾಗಿನ್ ಇದ್ಯಾ ಅಂತ ಕೇಳಿ. ಅದು ಒಂದು ಟಿಸಿಪಿ ಕನೆಕ್ಷನಿಗೆ ಅಂಟಿಕೊಂಡಿರೋ ಪದ್ಧತಿ, ಮಧ್ಯದ ಪ್ರಾಕ್ಸಿ ಕನೆಕ್ಷನ್ ಹಂಚಿಹಾಕಿದ್ರೆ ಅರ್ಧದಲ್ಲೇ ಮುರಿದು ಬೀಳತ್ತೆ. ಹೊರಗಿನವರಿಗೆ ಫಾರ್ಮ್ ಲಾಗಿನ್, ಅಂದ್ರೆ ಪೇಜಲ್ಲೇ ಯೂಸರ್‌ನೇಮ್ ಪಾಸ್‌ವರ್ಡ್ ಹಾಕೋ ರೀತಿದು ಇಟ್ರೆ ಈ ತಲೆನೋವು ಇರಲ್ಲ.

ಸರ್ಟಿಫಿಕೇಟ್ ವಾರ್ನಿಂಗ್ ಬಂದ್ರೆ ಅಲ್ಲೇ ನಿಲ್ಲಿ

ಇದನ್ನ ತುಂಬಾ ಕಾಳಜಿಯಿಂದ ಹೇಳ್ತಿದೀನಿ. ಅಡ್ವಾನ್ಸ್ಡ್ ಒತ್ತಿ, ಮುಂದುವರಿ ಅಂತ ಒತ್ತಿ, ಪಾಸ್‌ವರ್ಡ್ ಹಾಕೋದು ಬೇಡ. ಮೊದಲು ಮಷೀನಿನ ತಾರೀಖು, ಟೈಮ್ ಸರಿ ಇದ್ಯಾ ನೋಡಿ, ಅದು ತಪ್ಪಿದ್ರೆ ಒಳ್ಳೇ ಸರ್ಟಿಫಿಕೇಟೂ ಅವಧಿ ಮುಗಿದ ಹಾಗೆ ಕಾಣತ್ತೆ. ಆಮೇಲೆ ಸರ್ಟಿಫಿಕೇಟ್ ತೆಗೆದು ಯಾರು ಕೊಟ್ಟಿದ್ದು ಅನ್ನೋ ಸಾಲು ಓದಿ. ಅಲ್ಲಿ ಫೈರ್‌ವಾಲ್ ಕಂಪನಿಯ ಹೆಸರೋ, ನೀವು ಕೂತಿರೋ ಆಫೀಸಿನ ಹೆಸರೋ ಇದ್ರೆ ಮಧ್ಯದ ಪೆಟ್ಟಿಗೆ ನಿಮ್ಮ ಎಚ್‌ಟಿಟಿಪಿಎಸ್ ಬಿಚ್ಚಿ ಒಳಗೆ ಓದ್ತಾ ಇದೆ ಅಂತ ಅರ್ಥ. ಕಂಪನಿ ಕೊಟ್ಟ ಮಷೀನು, ಕಂಪನಿಯ ಮೇಲ್ ಆದ್ರೆ ಅವರೇ ತಮ್ಮ ರೂಟ್ ಸರ್ಟಿಫಿಕೇಟ್ ಹಾಕಿಕೊಡ್ತಾರೆ, ಐಟಿಯವರನ್ನ ಕೇಳಿ. ಆದ್ರೆ ಯಾವುದೋ ಸಾರ್ವಜನಿಕ ವೈಫೈಲಿ ಹೀಗೆ ಕಂಡ್ರೆ ಅಲ್ಲಿಂದ ಮೇಲ್ ತೆಗೆಯೋದೇ ಬೇಡ.

ಸರ್ವರ್ ನೋಡ್ಕೊಳ್ಳೋರಿಗೆ ಒಂದು ಮಾತು: ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆ ಉಚಿತವಾಗಿ ಕೊಡೋ ಸರ್ಟಿಫಿಕೇಟ್ ಸಾಮಾನ್ಯವಾಗಿ 90 ದಿನದ್ದು, ತಾನಾಗೇ ರಿನ್ಯೂ ಆಗತ್ತೆ ಅಂತ ಬಿಟ್ಟಿರ್ತೀರಾ. ಎಚ್‌ಟಿಟಿಪಿ ಪರಿಶೀಲನೆ ಬಳಸ್ತಿದ್ರೆ ಅದಕ್ಕೆ ಹೊರಗಿಂದ 80ನೇ ಪೋರ್ಟ್ ತೆರೆದಿರಬೇಕು. ಸೆಕ್ಯೂರಿಟಿ ಅಂತ ಯಾರೋ 80 ಮುಚ್ಚಿದ್ರೆ ಅವತ್ತು ಏನೂ ಆಗಲ್ಲ, ವಾರಗಟ್ಟಲೆ ಕಳೆದ ಮೇಲೆ ಒಂದು ಬೆಳಗ್ಗೆ ಎಲ್ಲರ ವೆಬ್‌ಮೇಲೂ ವಾರ್ನಿಂಗ್ ತೋರ್ಸತ್ತೆ, ಅಷ್ಟರಲ್ಲಿ ಪೋರ್ಟ್ ಮುಚ್ಚಿದ್ದು ಯಾರಿಗೂ ನೆನಪಿರಲ್ಲ. 2025ರ ಜೂನಿಂದ ಲೆಟ್ಸ್ ಎನ್‌ಕ್ರಿಪ್ಟ್‌ನವರು ಅವಧಿ ಮುಗೀತಾ ಬಂತು ಅಂತ ಮೇಲ್ ಕಳಿಸೋದನ್ನೂ ನಿಲ್ಲಿಸಿದಾರೆ, ನೀವೇ ಒಂದು ರಿಮೈಂಡರ್ ಇಟ್ಕೊಳ್ಳಿ.

ಎಲ್ಲರಿಗೂ ಒಟ್ಟಿಗೇ ಹೋಗಿ, ಸ್ವಲ್ಪ ಹೊತ್ತಿಗೆ ತಾನಾಗೇ ಬಂದ್ರೆ

ಒಂದು ಕಡೆ ನಾನೇ ಎರಡು ದಿನ ಒದ್ದಾಡಿದ ಕೇಸ್ ಇದು. ಒಂದೇ ಆಫೀಸಿನ ಅಷ್ಟೂ ಜನಕ್ಕೆ ವೆಬ್‌ಮೇಲ್ ಏಕಾಏಕಿ ಟೈಮ್ ಔಟ್, ಹತ್ತು ನಿಮಿಷ ಆದ್ಮೇಲೆ ಯಾರೂ ಏನೂ ಮಾಡದೆ ಸರಿ, ಸ್ವಲ್ಪ ಹೊತ್ತಿಗೆ ಮತ್ತೆ ಬಂದ್. ಹಾಟ್‌ಸ್ಪಾಟಲ್ಲಿ ಮಾತ್ರ ಯಾವಾಗ್ಲೂ ಸರಿ. ಇಂಟರ್ನೆಟ್ ಕೊಡೋರನ್ನ ಕೇಳಿದ್ವಿ, ಕೇಬಲ್ ಬದಲಾಯಿಸಿದ್ವಿ, ಏನೂ ಇಲ್ಲ. ಆ ಹತ್ತು ನಿಮಿಷ ಅನ್ನೋ ಲೆಕ್ಕ ಪದೇ ಪದೇ ಅಷ್ಟೇ ಬರ್ತಿದೆ ಅಂತ ಗಮನಕ್ಕೆ ಬಂದ ಮೇಲೆ ಸರ್ವರಲ್ಲಿ ಫೇಲ್‌ಟುಬ್ಯಾನ್ (ಪದೇ ಪದೇ ತಪ್ಪು ಲಾಗಿನ್ ಮಾಡೋ ಐಪಿಯನ್ನ ತಡೆಯೋ ಸಾಫ್ಟ್‌ವೇರ್) ಲಾಗ್ ತೆಗೆದೆ. ಅದರ ಡಿಫಾಲ್ಟ್ ಏನಂದ್ರೆ, ಹತ್ತು ನಿಮಿಷದೊಳಗೆ ಒಂದು ಐಪಿಯಿಂದ 5 ಸಲ ತಪ್ಪು ಲಾಗಿನ್ ಆದ್ರೆ ಆ ಐಪಿಗೆ ಹತ್ತು ನಿಮಿಷ ಬಾಗಿಲು ಬಂದ್. ಆಫೀಸಿನವರೆಲ್ಲ ಒಂದೇ ಪ್ರಾಕ್ಸಿ ಹಿಂದಿಂದ ಬರೋದ್ರಿಂದ ಸರ್ವರಿಗೆ ಎಲ್ಲರೂ ಒಂದೇ ಐಪಿ. ಒಬ್ಬರು ಪಾಸ್‌ವರ್ಡ್ ಬದಲಾಯಿಸಿದ್ರು, ಆದ್ರೆ ಅವರ ಹಳೇ ಫೋನ್ ಡ್ರಾಯರಲ್ಲಿ ಚಾರ್ಜಿಗೆ ಇತ್ತು, ಅದು ಹಳೇ ಪಾಸ್‌ವರ್ಡ್ ಹಾಕ್ಕೊಂಡು ಸರ್ವರಿಗೆ ಬಡೀತಾನೇ ಇತ್ತು. ಆ ಫೋನಿಂದ ಅಕೌಂಟ್ ತೆಗೆದ ಮೇಲೆ ಎಲ್ಲರದ್ದೂ ಸರಿ ಹೋಯ್ತು.

ಇಂಥಾ ಕಡೆ ಆಫೀಸಿನ ಐಪಿಯನ್ನ ಫೇಲ್‌ಟುಬ್ಯಾನಿನ ಇಗ್ನೋರ್ ಪಟ್ಟಿಗೆ ಸೇರಿಸಬಹುದು, ಆದ್ರೆ ಅದರ ಜೊತೆಗೆ ತಪ್ಪು ಲಾಗಿನ್ ಮಾಡಿದ ಅಕೌಂಟನ್ನ ಲಾಕ್ ಮಾಡೋ ವ್ಯವಸ್ಥೆ ಇರಲೇಬೇಕು, ಇಲ್ಲಾಂದ್ರೆ ಕಾವಲೇ ಇಲ್ಲದ ಹಾಗಾಗತ್ತೆ. ವೆಬ್‌ಮೇಲ್ ಮುಂದೆ ರಿವರ್ಸ್ ಪ್ರಾಕ್ಸಿ ಇಟ್ಟಿದ್ರೆ ಲಾಗಲ್ಲಿ ಯಾರ ಐಪಿ ಬೀಳ್ತಿದೆ ಅಂತ ನೋಡಿ. ರೌಂಡ್‌ಕ್ಯೂಬ್ ಅನ್ನೋ ವೆಬ್‌ಮೇಲ್ ಸಾಫ್ಟ್‌ವೇರಲ್ಲಿ ಪ್ರಾಕ್ಸಿ ವೈಟ್‌ಲಿಸ್ಟ್ ಸೆಟ್ಟಿಂಗ್ ಹಾಕದಿದ್ರೆ ಎಲ್ಲಾ ತಪ್ಪು ಲಾಗಿನ್ನೂ ನಿಮ್ಮ ರಿವರ್ಸ್ ಪ್ರಾಕ್ಸಿ ಹೆಸರಲ್ಲೇ ಬೀಳತ್ತೆ, ಕೊನೆಗೆ ಪ್ರಾಕ್ಸಿಗೇ ಬ್ಯಾನ್ ಬಿದ್ದು ಪ್ರಪಂಚದಲ್ಲಿ ಯಾರಿಗೂ ಮೇಲ್ ಇಲ್ಲ.

ಲಾಗಿನ್ ಆಗಿ ಒಂದು ಮೇಲ್ ಓದೋಷ್ಟರಲ್ಲಿ ಸೆಷನ್ ಹೋಯ್ತು ಅನ್ನೋ ದೂರಿಗೂ ಐಪಿನೇ ಕಾರಣ ಆಗಿರಬಹುದು. ದೊಡ್ಡ ನೆಟ್‌ವರ್ಕ್‌ಗಳಲ್ಲಿ ಒಂದಕ್ಕಿಂತ ಹೆಚ್ಚು ಪ್ರಾಕ್ಸಿ ಇರತ್ತೆ, ಒಂದು ಕ್ಲಿಕ್ ಒಂದು ಐಪಿಯಿಂದ, ಮುಂದಿನ ಕ್ಲಿಕ್ ಇನ್ನೊಂದರಿಂದ ಹೋಗತ್ತೆ, ಸರ್ವರಲ್ಲಿ ಸೆಷನನ್ನ ಐಪಿಗೆ ಕಟ್ಟಿ ಹಾಕಿದ್ರೆ ಅದು ಹೊರಗೆ ತಳ್ಳತ್ತೆ. ರೌಂಡ್‌ಕ್ಯೂಬಲ್ಲಿ ಐಪಿ ಚೆಕ್ ಅನ್ನೋದು ಡಿಫಾಲ್ಟಾಗಿ ಆಫ್ ಇರತ್ತೆ, ಯಾರಾದ್ರೂ ಆನ್ ಮಾಡಿದಾರಾ ನೋಡಿ.

ಅರ್ಧ ಬರತ್ತೆ, ಅರ್ಧ ಬರಲ್ಲ

ಲಾಗಿನ್ ಪೇಜ್ ಬರತ್ತೆ, ಇನ್‌ಬಾಕ್ಸ್ ಬರೋವಾಗ ನಿಂತ್ಹೋಗತ್ತೆ, ಅಟ್ಯಾಚ್‌ಮೆಂಟ್ ಹೋಗಲ್ಲ, ಅದರಲ್ಲೂ ವಿಪಿಎನ್ ಆನ್ ಇದ್ದಾಗ ಮಾತ್ರ. ಇದು ಹೆಚ್ಚಾಗಿ ಎಂಟಿಯು, ಅಂದ್ರೆ ಒಂದು ದಾರೀಲಿ ಹಿಡಿಸೋ ಅತಿ ದೊಡ್ಡ ಪ್ಯಾಕೆಟ್ ಗಾತ್ರದ ಗಲಾಟೆ. ಈಥರ್ನೆಟ್ಟಲ್ಲಿ ಪ್ಯಾಕೆಟ್ ಗಾತ್ರ 1500 ಬೈಟ್, ಪಿಪಿಪಿಓಇ (ಯೂಸರ್‌ನೇಮ್ ಪಾಸ್‌ವರ್ಡ್ ಹಾಕಿ ಕನೆಕ್ಟ್ ಆಗೋ ರೀತಿಯ) ಬ್ರಾಡ್‌ಬ್ಯಾಂಡಲ್ಲಿ 1492, ವಿಪಿಎನ್ ಸುರಂಗದಲ್ಲಿ ಇನ್ನೂ ಕಮ್ಮಿ. ದೊಡ್ಡ ಪ್ಯಾಕೆಟ್ ದಾರೀಲಿ ಹಿಡಿಸದೆ ಹೋದಾಗ ರೌಟರ್ ವಾಪಸ್ ಐಸಿಎಂಪಿಯಲ್ಲಿ (ಪಿಂಗೂ ಬಳಸೋ, ನೆಟ್‌ವರ್ಕ್ ಸಂದೇಶಗಳ ಪದ್ಧತಿ) "ಚಿಕ್ಕದು ಮಾಡಿ ಕಳಿಸು" ಅಂತ ಹೇಳತ್ತೆ, ಫೈರ್‌ವಾಲಲ್ಲಿ ಐಸಿಎಂಪಿ ಪೂರ್ತಿ ಮುಚ್ಚಿದ್ರೆ ಆ ಮಾತು ತಲುಪೋದೇ ಇಲ್ಲ. ಚಿಕ್ಕ ಪ್ಯಾಕೆಟ್‌ಗಳು ದಾಟ್ತವೆ, ದೊಡ್ಡವು ಕಾಣೆ. ವಿಂಡೋಸಲ್ಲಿ ಪಿಂಗ್ ಮೈನಸ್ ಎಫ್ ಮೈನಸ್ ಎಲ್ 1472 ಕೊಟ್ಟು ಆ ದಾರೀಲಿರೋ, ಪಿಂಗಿಗೆ ಉತ್ತರ ಕೊಡೋ ಯಾವುದಾದ್ರೂ ಮಷೀನಿಗೆ ಹೊಡೀರಿ, 1472ಕ್ಕೆ ಹೆಡರಿನ 28 ಸೇರಿ 1500 ಆಗತ್ತೆ. ಹೋಗಲಿಲ್ಲ ಅಂದ್ರೆ 1464, ಆಮೇಲೆ ಇನ್ನೂ ಇಳಿಸ್ತಾ ಹೋಗಿ, ಎಲ್ಲಿ ದಾಟತ್ತೋ ಅದೇ ಮಿತಿ. ರೌಟರಲ್ಲಿ ಎಂಎಸ್‌ಎಸ್ ಕ್ಲ್ಯಾಂಪಿಂಗ್ (ಶುರುವಿಂದಲೇ ಚಿಕ್ಕ ಪ್ಯಾಕೆಟ್ ಕಳಿಸೋ ಹಾಗೆ ಮಾಡೋ ಸೆಟ್ಟಿಂಗ್) ಹಾಕಿದ್ರೆ ಸರಿ ಹೋಗತ್ತೆ.

ಅಟ್ಯಾಚ್‌ಮೆಂಟ್ ಹಾಕಿದಾಗ 413 ಬಂದ್ರೆ ಅದು ಎಂಟಿಯು ಅಲ್ಲ, ಗಾತ್ರದ ಮಿತಿ. ಎಂಜಿನ್‌ಎಕ್ಸ್ ಅನ್ನೋ ಸಾಫ್ಟ್‌ವೇರಿನ ರಿವರ್ಸ್ ಪ್ರಾಕ್ಸಿಯಲ್ಲಿ ಡಿಫಾಲ್ಟ್ ಮಿತಿ ಬರೀ 1 ಎಂಬಿ, ಕ್ಲೈಂಟ್ ಮ್ಯಾಕ್ಸ್ ಬಾಡಿ ಸೈಜ್ ಅನ್ನೋದನ್ನ ಜಾಸ್ತಿ ಮಾಡಬೇಕು.

ಅಡ್ಮಿನ್‌ಗೆ ಏನು ಬರೆಯಬೇಕು

"ಸರ್, ಮೇಲ್ ಬರ್ತಿಲ್ಲ, ನೋಡಿ" ಅಂತ ಬರೆದ್ರೆ ಅವರು ವಾಪಸ್ ಹತ್ತು ಪ್ರಶ್ನೆ ಕೇಳ್ತಾರೆ, ಅದರಲ್ಲೇ ದಿನ ಹೋಗತ್ತೆ. ಹೀಗೆ ಬರೀರಿ:

"ಸರ್, ಇವತ್ತು ಬೆಳಗ್ಗೆ 10:42ಕ್ಕೆ ಮನೆ ಬ್ರಾಡ್‌ಬ್ಯಾಂಡಿಂದ ವೆಬ್‌ಮೇಲ್ ತೆಗೆದಾಗ ಟೈಮ್ ಔಟ್ ಬಂತು. ಅದೇ ಲ್ಯಾಪ್‌ಟಾಪಲ್ಲಿ ಫೋನ್ ಹಾಟ್‌ಸ್ಪಾಟ್ ಮೇಲೆ ಬರ್ತಿದೆ. ಎರಡು ಕಡೆನೂ ಎನ್‌ಎಸ್‌ಲುಕಪ್ ಒಂದೇ ಐಪಿ ಕೊಡ್ತಿದೆ. 443ಕ್ಕೆ ಪೋರ್ಟ್ ಟೆಸ್ಟ್ ಮನೆಯಿಂದ ಫಾಲ್ಸ್, ಹಾಟ್‌ಸ್ಪಾಟಿಂದ ಟ್ರೂ. ವಿಪಿಎನ್ ಆಫ್ ಇತ್ತು. ಮನೆಯ ಪಬ್ಲಿಕ್ ಐಪಿ ಕೆಳಗೆ ಹಾಕಿದೀನಿ, ಬ್ಲಾಕ್ ಪಟ್ಟಿಯಲ್ಲಿ ಇದ್ಯಾ ದಯವಿಟ್ಟು ನೋಡಿ."

ಇಷ್ಟಿದ್ರೆ ಅವರು ನೇರ ಫೈರ್‌ವಾಲ್ ಲಾಗಲ್ಲಿ ಆ ಟೈಮಿಗೆ ಆ ಐಪಿಯನ್ನ ಹುಡುಕ್ತಾರೆ. ಅವರು ಬ್ರೌಸರಿನ ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬಿಂದ ಹಾರ್ ಫೈಲ್ (ಬ್ರೌಸರ್ ಕಳಿಸಿದ್ದು, ಪಡೆದಿದ್ದು ಎಲ್ಲದರ ದಾಖಲೆ) ಕಳಿಸಿ ಅಂತ ಕೇಳಿದ್ರೆ ಕಳಿಸಿ, ಆದ್ರೆ ಆ ಫೈಲಲ್ಲಿ ನಿಮ್ಮ ಸೆಷನ್ ಕುಕ್ಕಿ ಇರಬಹುದು, ರೆಕಾರ್ಡ್ ಮಾಡೋವಾಗ ಲಾಗಿನ್ ಆಗಿದ್ರೆ ಪಾಸ್‌ವರ್ಡ್ ಕೂಡ ಇರಬಹುದು. ಫೈಲ್ ಸೇವ್ ಆದ ತಕ್ಷಣ ವೆಬ್‌ಮೇಲಿಂದ ಲಾಗೌಟ್ ಮಾಡಿ, ಪಾಸ್‌ವರ್ಡ್ ಟೈಪ್ ಮಾಡಿದ್ದು ರೆಕಾರ್ಡ್ ಆಗಿದ್ರೆ ಅದನ್ನ ಬದಲಾಯಿಸಿ, ಆಮೇಲೆ ಅಡ್ಮಿನ್ ಒಬ್ಬರಿಗೆ ಮಾತ್ರ ಕಳಿಸಿ.